‘ಎರಡೇ ವಾರ ಮೇಡಂ’: ಬೀದಿಯ ಮರಿಗೆ ಫಾಸ್ಟರ್ ಮನೆಯಾಗುವುದು ಹೇಗೆ?

“ಎರಡೇ ವಾರ ಮೇಡಂ. ಮನೆ ಸಿಕ್ಕಿದ ತಕ್ಷಣ ಬಂದು ಕರ್ಕೊಂಡು ಹೋಗ್ತೀವಿ.” ನಾಯಿಗಳನ್ನು ಕಾಪಾಡುವ ಗುಂಪಿನ ಹುಡುಗ ಫೋನಿನಲ್ಲಿ ಹೀಗೆ ಹೇಳಿದಾಗ ನಾನು ನಂಬಿದೆ. ಆ ಎರಡು ವಾರ ಏಳು ವಾರವಾಯಿತು. ಬಂದವಳು ಎರಡೂವರೆ ತಿಂಗಳ ಕಂದು ಮರಿ. ಮೋರಿಯಿಂದ ಎತ್ತಿ, ಮೈ ತೊಳೆದು, ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು ಬಂದಿದ್ದರು. ನಾವು ಚಿಕ್ಕಿ ಅಂತ ಕರೆದೆವು.

ಅಡಾಪ್ಶನ್ ಅಂದರೆ ನಾಯಿ ಕಾಯಂ ಆಗಿ ನಿಮ್ಮದು. ಫಾಸ್ಟರ್ ಹಾಗಲ್ಲ. ಬಾಣಂತನಕ್ಕೆ ತವರಿಗೆ ಬಂದ ಮಗಳ ಹಾಗೆ. ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಬೇಕು, ಸುಧಾರಿಸಿಕೊಂಡ ಮೇಲೆ ಕಳಿಸಿಕೊಡಬೇಕು. ಈ ಕಳಿಸಿಕೊಡುವುದೇ ಕಷ್ಟದ ಕೆಲಸ. ಆದರೆ ಕಳಿಸದೇ ಇದ್ದರೆ ಅದು ಫಾಸ್ಟರ್ ಅಲ್ಲ.

ಯಾವ ನಾಯಿಗೆ ಬೇಕು?

ಬೀದಿಯಲ್ಲಿರುವ ಎಲ್ಲ ನಾಯಿಗೂ ಮನೆ ಬೇಕಿಲ್ಲ. ಬೆಂಗಳೂರಿನಲ್ಲಿ 2023ರ ಎಣಿಕೆಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು ಸಿಕ್ಕಿದ್ದವು. ಅವುಗಳಲ್ಲಿ ಬಹಳಷ್ಟಕ್ಕೆ ತಮ್ಮದೇ ಬೀದಿ, ತಮ್ಮದೇ ಟೀ ಅಂಗಡಿ ಇದೆ. ಗಟ್ಟಿಮುಟ್ಟಾದ ದೊಡ್ಡ ಬೀದಿನಾಯಿಯನ್ನು ತಂದು ಫ್ಲ್ಯಾಟಿನಲ್ಲಿ ಕೂಡಿಹಾಕಿದರೆ ಅದಕ್ಕೆ ಸೆರೆವಾಸ. ಫಾಸ್ಟರ್ ಬೇಕಾಗುವುದು ತಾಯಿ ಇಲ್ಲದ ಮರಿಗೆ, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವುದಕ್ಕೆ, ಸಾಕಿದವರೇ ಕಾರಿನಲ್ಲಿ ತಂದು ಬಿಟ್ಟುಹೋದದ್ದಕ್ಕೆ. ಕೊನೆಯ ಬಗೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಲ್ಯಾಬ್ರಡಾರ್, ಹಸ್ಕಿ ಎಲ್ಲ ಇವೆ ಅದರಲ್ಲಿ.

ಶೆಲ್ಟರ್ ಇದೆಯಲ್ಲ ಅಂತ ಕೇಳಬಹುದು. ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ ಇದೆ, ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನಲ್ಲಿ ಅನಿಮಲ್ ಕೇರ್ ಟ್ರಸ್ಟ್. ಆದರೆ ಹತ್ತು ಕಡೆಯಿಂದ ಬಂದ ಮರಿಗಳು ಒಂದೇ ಕಡೆ ಸೇರಿದರೆ ಒಂದರ ರೋಗ ಇನ್ನೊಂದಕ್ಕೆ. ಲಸಿಕೆ ಮುಗಿಯದ ಮರಿಗೆ ಮನೆಯ ಒಂದು ಮೂಲೆಯೇ ಮೇಲು.

ಹೂಂ ಅನ್ನುವ ಮುಂಚೆ

ಮೊದಲು ಮನೆಯವರನ್ನು ಕೇಳಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮಾತಾಡಿ, ಮುಚ್ಚಿಡಬೇಡಿ. ಮರಿ ರಾತ್ರಿ ಅಳುತ್ತದೆ, ಗುಟ್ಟು ಉಳಿಯುವುದಿಲ್ಲ.

ಆಮೇಲೆ ಗುಂಪಿನವರನ್ನು ಕೇಳಿ. ಆಸ್ಪತ್ರೆ ಖರ್ಚು ಯಾರದು? ರಾತ್ರಿ ಹನ್ನೊಂದಕ್ಕೆ ಹುಷಾರು ತಪ್ಪಿದರೆ ಯಾವ ಡಾಕ್ಟರ್? ನಾನು ಊರಿಗೆ ಹೋಗಬೇಕಾದರೆ ಮರಿಯನ್ನು ಯಾರು ನೋಡಿಕೊಳ್ಳುತ್ತಾರೆ? ನನ್ನಿಂದ ಆಗಲ್ಲ ಅಂದರೆ ಎಷ್ಟು ದಿನದಲ್ಲಿ ವಾಪಸ್ ತೆಗೆದುಕೊಳ್ಳುತ್ತೀರಿ? ಉತ್ತರಗಳು ವಾಟ್ಸ್‌ಆ್ಯಪ್‌ನಲ್ಲಿ ಬರಹದಲ್ಲಿ ಇರಲಿ. ಒಳ್ಳೆಯ ಗುಂಪು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. “ಅದೆಲ್ಲ ಆಮೇಲೆ ನೋಡೋಣ ಮೇಡಂ” ಅಂದರೆ ಬೇರೆ ಗುಂಪು ಹುಡುಕಿ. ಮತ್ತೆ, ಎರಡು ವಾರ ಅಂದರೆ ಎರಡು ತಿಂಗಳಿಗೆ ತಯಾರಾಗಿ.

ಮನೆಯಲ್ಲಿ ಈಗಾಗಲೇ ನಾಯಿ ಇದ್ದರೆ ಅದರ ಲಸಿಕೆ ಪೂರ್ತಿಯಾಗಿರಬೇಕು. ಹೊಸ ಮರಿಯನ್ನು ಎರಡು ವಾರವಾದರೂ ಬೇರೆ ರೂಮಿನಲ್ಲಿ ಇಡಿ.

ಮೊದಲ ದಿನ, ಮೊದಲ ರಾತ್ರಿ

ಜಾಸ್ತಿ ಏನೂ ಬೇಡ. ಒಂದು ಡಬ್ಬ, ಹಳೆಯ ಕಾಟನ್ ಸೀರೆ, ಎರಡು ಸ್ಟೀಲ್ ಬಟ್ಟಲು, ಹಳೆಯ ಪೇಪರ್ ರಾಶಿ. ಈ ಪುರವಣಿಯೂ ಆದೀತು, ಓದಿದ ಮೇಲೆ. ನಿದ್ದೆಯಿಂದ ಎದ್ದ ತಕ್ಷಣ, ಊಟವಾದ ತಕ್ಷಣ, ಆಟವಾದ ತಕ್ಷಣ ಮರಿಯನ್ನು ಪೇಪರ್ ಮೇಲೆ ಬಿಡಿ. ಬೇರೆ ಕಡೆ ಮಾಡಿದರೆ ಬೈಯಬೇಡಿ, ಒರೆಸಿ. ಬೈದರೆ ಅದು ಕಲಿಯುವುದು ಸೋಫಾ ಹಿಂದೆ ಹೋಗಿ ಮಾಡುವುದನ್ನು ಅಷ್ಟೇ.

ನಾನು ಮೊದಲ ದಿನ ಮಾಡಿದ ತಪ್ಪು ಹಾಲು. ಪಾಪ, ಹಸಿದಿದೆ ಅಂತ ಬಟ್ಟಲು ತುಂಬ ಹಸುವಿನ ಹಾಲು ಕೊಟ್ಟೆ. ರಾತ್ರಿ ಇಡೀ ಭೇದಿ. ಬಹಳಷ್ಟು ಮರಿಗಳಿಗೆ ಹಸುವಿನ ಹಾಲು ಅರಗುವುದಿಲ್ಲ. ಕಣ್ಣು ಬಿಡದ ಕೂಸುಗಳಿಗೆ ಮರಿಗಳದ್ದೇ ಹಾಲಿನ ಪುಡಿ ಸಿಗುತ್ತದೆ. ಎರಡು ತಿಂಗಳು ದಾಟಿದ್ದಕ್ಕೆ ಮರಿಗಳ ಫುಡ್ ಅಥವಾ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಚಿಕನ್, ಅನ್ನ, ಕುಂಬಳಕಾಯಿ. ದಿನಕ್ಕೆ ಮೂರ್ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಬಿರಿಯಾನಿಯ ಮೂಳೆಯೂ ಬೇಡ.

ರಾತ್ರಿ ಡಬ್ಬವನ್ನು ನಿಮ್ಮ ಮಂಚದ ಪಕ್ಕ ಇಡಿ. ಅಳುವುದು ಹಟಕ್ಕಲ್ಲ. ಅದು ಹುಟ್ಟಿದಾಗಿನಿಂದ ಯಾರಿಗಾದರೂ ಒತ್ತಿಕೊಂಡೇ ಮಲಗಿದ್ದು. ಬಾಟಲಿಗೆ ಬೆಚ್ಚಗಿನ ನೀರು ಹಾಕಿ ಬಟ್ಟೆ ಸುತ್ತಿ ಪಕ್ಕದಲ್ಲಿ ಇಟ್ಟರೆ ಸುಮ್ಮನಾಗುತ್ತದೆ.

ಆರೋಗ್ಯದ ಮಾತು

ಮೊದಲ ವಾರದಲ್ಲೇ ಡಾಕ್ಟರಿಗೆ ತೋರಿಸಿ. ಜಂತುಹುಳುವಿನ ಔಷಧಿ, ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ನಾಯಿಯ ಮೈ ನಮಗಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲು. ಮುಟ್ಟಿ ನೋಡಿ ಜ್ವರ ಅಂತ ಮನೆಯ ಮಾತ್ರೆ ಕೊಡಬೇಡಿ. ನಮ್ಮ ನೋವಿನ ಮಾತ್ರೆಗಳು ಅದಕ್ಕೆ ವಿಷವಾಗಬಹುದು.

ನಿಜಕ್ಕೂ ಹೆದರಬೇಕಾದ್ದು ಪಾರ್ವೊ ಅನ್ನುವ ವೈರಸ್ ರೋಗಕ್ಕೆ. ಊಟ ಬಿಟ್ಟು ಮಂಕಾಗಿ, ವಾಂತಿ ಮಾಡಿ, ನಾರುವ ರಕ್ತಭೇದಿ ಶುರುವಾದರೆ ಬೆಳಗಾಗಲಿ ಅಂತ ಕಾಯಬಾರದು. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್ ನಂಬಬೇಡಿ. ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ಒರೆಸಬೇಕು. ಪಾರ್ವೊ ಬಂದ ಮನೆಗೆ ಕೆಲವು ತಿಂಗಳು ಲಸಿಕೆ ಆಗದ ಮರಿಯನ್ನು ತರಬಾರದು.

ಇನ್ನೊಂದು ಮಾತು. ಮರಿಯ ಹಲ್ಲು ತಾಗಿ ರಕ್ತ ಬಂದರೆ ಚಿಕ್ಕದು ತಾನೇ ಅಂತ ಬಿಡಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಫಾಸ್ಟರ್ ಮಾಡುವವರು ಮುಂಚೆಯೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಮನೆ ಕಲಿಸುವುದು

ಹುಟ್ಟಿದ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಕಂಡದ್ದು ಮರಿಯ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಂದರೆ ಆ ದಿನಗಳ ಒಂದು ಪಾಲು ನಿಮ್ಮ ಮನೆಯಲ್ಲೇ ಕಳೆಯುತ್ತದೆ. ಕುಕ್ಕರ್ ಸೀಟಿ, ಮಿಕ್ಸಿ, ಕಾಲಿಂಗ್ ಬೆಲ್ ಎಲ್ಲ ಕೇಳಿಸಲಿ. ಲಸಿಕೆ ಮುಗಿಯುವವರೆಗೆ ರಸ್ತೆಗೆ ಇಳಿಸಬೇಡಿ. ಎತ್ತಿಕೊಂಡು ಹೋಗಿ ಬಸ್ಸು, ಆಟೊ, ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು ಎಲ್ಲರನ್ನೂ ತೋರಿಸಿ.

ಚಿಕ್ಕಿಗೆ ಪೊರಕೆ ಕಂಡರೆ ಜೀವ ಹೋಗುತ್ತಿತ್ತು. ಬೀದಿಯಲ್ಲಿ ಎಷ್ಟು ಏಟು ತಿಂದಿತ್ತೋ. ಕಸ ಗುಡಿಸಲು ಪೊರಕೆ ತೆಗೆದರೆ ಸಾಕು, ಬಚ್ಚಲುಮನೆಗೆ ಓಡಿ, ಬಕೆಟ್ ಹಿಂದೆ ನಿಂತು ಅಲ್ಲೇ ಉಚ್ಚೆ ಮಾಡಿಕೊಳ್ಳುತ್ತಿತ್ತು. ಒಂದು ದಿನ ಪೊರಕೆಯನ್ನು ಹಾಲ್ ಮಧ್ಯೆ ನೆಲದ ಮೇಲೆ ಸುಮ್ನೆ ಮಲಗಿಸಿದೆ. ಆರಡಿ ದೂರದಲ್ಲಿ ಒಂದು ಚೂರು ಬೇಯಿಸಿದ ಮೊಟ್ಟೆ ಇಟ್ಟೆ. ಗಂಟೆ ಕಳೆದ ಮೇಲೆ ಬಂತು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಕತ್ತು ಉದ್ದ ಮಾಡಿ, ಮೊಟ್ಟೆ ಕಚ್ಚಿಕೊಂಡು ಓಟ. ಮಾರನೇ ದಿನ ಐದಡಿ. ಹನ್ನೊಂದನೇ ದಿನ ಪೊರಕೆ ಕಡ್ಡಿಯ ಮೇಲಿದ್ದ ಮೊಟ್ಟೆಯನ್ನೇ ತಿಂದು, ಅಲ್ಲೇ ಕೂತು ಕಿವಿ ಕೆರೆದುಕೊಂಡಿತು. ಕಚೇರಿಯಲ್ಲಿ ಪ್ರಮೋಷನ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಫಾಸ್ಟರ್ ಮಾಡಿದರೆ ಏನು ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ಈ ಕಿವಿ ಕೆರೆದುಕೊಂಡದ್ದನ್ನೇ ಹೇಳುತ್ತೇನೆ. ಬೇರೆ ಉತ್ತರ ನನ್ನಲ್ಲಿಲ್ಲ.

ಮನೆ ಹುಡುಕಿ ಕಳಿಸುವುದು

ಬೆಳಗಿನ ಬಿಸಿಲಲ್ಲಿ, ಮರಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ಫೋಟೊ ತೆಗೆಯಿರಿ. ಜತೆಗೆ ನಿಜ ಬರೆಯಿರಿ. “ಚಪ್ಪಲಿ ಕಚ್ಚುತ್ತದೆ, ಬೆಕ್ಕು ಕಂಡರೆ ಆಗಲ್ಲ, ಮಕ್ಕಳ ಜತೆ ಚೆನ್ನಾಗಿರುತ್ತದೆ.” ಸುಳ್ಳು ಹೇಳಿ ಕಳಿಸಿದ ನಾಯಿ ವಾಪಸ್ ಬರುತ್ತದೆ. ಹೆಣ್ಣು ಮರಿ ಅಂದ ತಕ್ಷಣ ಫೋನ್ ಇಟ್ಟವರನ್ನು ಕಂಡಿದ್ದೇನೆ. ಇಡಲಿ ಬಿಡಿ, ಅಂಥವರಿಗೆ ಕೊಡುವುದು ನಮಗೂ ಬೇಡ.

ಬಂದವರನ್ನು ಪ್ರಶ್ನೆ ಕೇಳಲು ಸಂಕೋಚ ಬೇಡ. ಹಗಲು ಯಾರಿರುತ್ತಾರೆ, ಮುಂಚೆ ನಾಯಿ ಸಾಕಿದ್ದರೆ ಅದು ಏನಾಯಿತು, ಟೆರೇಸಿನಲ್ಲಿ ಕಟ್ಟಿಹಾಕುತ್ತೀರಾ. ಗುಂಪಿನವರು ಮನೆ ನೋಡಿ ಬರುತ್ತಾರೆ, ಸಂತಾನಹರಣ ಆಪರೇಷನ್ ಮಾಡಿಸುತ್ತೇವೆ ಅಂತ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಫಾಸ್ಟರ್ ಮಾಡಿದವರೇ ಸೋತು ಇಟ್ಟುಕೊಳ್ಳುವುದೂ ಉಂಟು. ಅದಕ್ಕೆ ‘ಫಾಸ್ಟರ್ ಫೇಲ್’ ಅಂತ ತಮಾಷೆ ಮಾಡುತ್ತಾರೆ. ತಪ್ಪೇನಿಲ್ಲ, ಆದರೆ ಮುಂದಿನ ಮರಿಯ ಜಾಗ ತುಂಬಿತು ಅಷ್ಟೇ.

ಕಳಿಸುವಾಗ ಮೂರು ವಸ್ತು ಕೊಡಿ. ಲಸಿಕೆ ಕಾರ್ಡು, ಒಗೆಯದ ಹಾಸಿಗೆ ಬಟ್ಟೆ, ಅಭ್ಯಾಸಗಳ ಪಟ್ಟಿ. ಬಟ್ಟೆಯ ವಾಸನೆ ಹೊಸ ಮನೆಯಲ್ಲಿ ಧೈರ್ಯ ಕೊಡುತ್ತದೆ. ಮೊದಲ ಮೂರು ದಿನ ಮರಿ ಕಡಿಮೆ ಉಂಡು ಮುದುರಿಕೊಂಡರೆ ಗಾಬರಿ ಬೇಡ, ನೀರು ಕುಡಿಯುತ್ತಿದೆಯಾ ನೋಡಿಕೊಳ್ಳಿ ಅಂತ ಹೇಳಿ. ಎರಡು ಹೊತ್ತು ಪೂರ್ತಿ ಊಟ ಬಿಟ್ಟರೆ, ಇಲ್ಲವೇ ವಾಂತಿ, ಭೇದಿ ಕಂಡರೆ ಡಾಕ್ಟರಿಗೆ ತೋರಿಸಲಿ.

ಚಿಕ್ಕಿಯ ಅಭ್ಯಾಸಗಳ ಪಟ್ಟಿ ಎರಡು ಪುಟವಾಗಿತ್ತು. ಏನೂ ಬಿಟ್ಟಿಲ್ಲ ಅಂದುಕೊಂಡಿದ್ದೆ. ನಾಲ್ಕನೇ ದಿನ ಹೊಸ ಮನೆಯವರ ಫೋನು. “ಮೇಡಂ, ಚೆನ್ನಾಗಿದ್ದಾಳೆ. ಆದ್ರೆ ನಾವು ಪೊರಕೆ ತೆಗೆದಾಗೆಲ್ಲ ಓಡಿ ಬಂದು ಮುಂದೆ ಕೂತ್ಕೊಂಡು ಮುಖ ನೋಡ್ತಾಳೆ. ಏನು ಬೇಕು ಇವಳಿಗೆ?”

“ಮೊಟ್ಟೆ,” ಅಂದೆ.