ಮಳೆಗಾಲದಲ್ಲಿ ಕ್ಯಾರವಾನ್‌ನ ರಿವರ್ಸ್ ಕ್ಯಾಮೆರಾ ಮಸುಕಾಗದಂತೆ ನೋಡಿಕೊಳ್ಳುವುದು ಹೇಗೆ?

ಪನ್ವೇಲಿನಲ್ಲಿ ತೊಳೆದು ಹೊರಡಿಸಿದ ಕ್ಯಾರವಾನ್, ಜುಲೈ ಮಳೆಯಲ್ಲಿ ಗೋವಾ ಹೆದ್ದಾರಿ ಹಿಡಿದು ಮಹಾಡ್ ಮುಟ್ಟುವಷ್ಟರಲ್ಲಿ ಹಿಂದಿನ ನಂಬರ್ ಪ್ಲೇಟೂ ಓದಲಾಗದಷ್ಟು ಕೆಸರು ಮೆತ್ತಿಕೊಂಡಿರುತ್ತದೆ. ಮುಂದಿನ ಗಾಜಿಗೆ ವೈಪರ್ ಇದೆ. ಪಕ್ಕದ ಕನ್ನಡಿಯನ್ನು ಕಿಟಕಿಯಿಂದ ಕೈ ಚಾಚಿ ಒರೆಸಬಹುದು. ಹಿಂದಿನ ಕ್ಯಾಮೆರಾಗೆ ಈ ಎರಡು ಭಾಗ್ಯವೂ ಇಲ್ಲ. ಚೌತಿಗೆ ಊರಿಗೆ ಹೊರಟವರು ದಾರಿಯಲ್ಲಿ ಊಟಕ್ಕೆ ನಿಲ್ಲಿಸಿ ರಿವರ್ಸ್ ಗೇರ್ ಹಾಕಿದರೆ ಪರದೆಯ ತುಂಬ ಕಂದು ಮಸುಕು. ಕಾರಿನಲ್ಲಾದರೆ ತಿರುಗಿ ನೋಡಿ ಸುಧಾರಿಸಬಹುದು. ಹಿಂದೆ ಹಾಸಿಗೆ, ಬಚ್ಚಲು ಕಟ್ಟಿಸಿಕೊಂಡ ಬಂಡಿಯಲ್ಲಿ ಒಳಗಿನ ಕನ್ನಡಿಗೆ ಕಾಣುವುದು ಅಡುಗೆಮನೆಯ ಕಪಾಟು ಮಾತ್ರ.

ಕೊಳೆ ಹಿಂದಕ್ಕೇ ಏಕೆ ಬರುತ್ತದೆ?

ಮಳೆ ಮೇಲಿನಿಂದ ಬೀಳುತ್ತದೆ, ಕ್ಯಾಮೆರಾದ ಕೊಳೆ ಬಹುಪಾಲು ಕೆಳಗಿನಿಂದ ಬರುತ್ತದೆ. ಕ್ಯಾರವಾನ್‌ನ ಹಿಂಬದಿ ಗೋಡೆಯಂತೆ ಚಪ್ಪಟೆ. ಬಂಡಿ ಓಡುವಾಗ ಆ ಗೋಡೆಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಹಿಂದಿನ ಚಕ್ರಗಳು ಎರಚಿದ ಕೆಸರು ನೀರಿನ ಸಣ್ಣ ಹನಿಗಳನ್ನು ಆ ಸುಳಿ ಮೇಲಕ್ಕೆಳೆದು ಗೋಡೆಗೆ ಬಡಿಯುತ್ತದೆ. ವೇಗ ಹೆಚ್ಚಿದಷ್ಟೂ ಹನಿ ಸಣ್ಣದಾಗುತ್ತದೆ, ಎತ್ತರಕ್ಕೂ ಏರುತ್ತದೆ. ಹಾಗಾಗಿ ನಂಬರ್ ಪ್ಲೇಟಿನ ಬಳಿ ಕೂರಿಸಿದ ಕ್ಯಾಮೆರಾ ಅರ್ಧ ಗಂಟೆಯಲ್ಲೇ ಮುಚ್ಚಿಹೋದರೆ, ಚಾವಣಿಯ ಅಂಚಿನಲ್ಲಿ ಎರಡೂವರೆ ಮೀಟರ್ ಎತ್ತರದಲ್ಲಿರುವುದು ಹೆಚ್ಚು ಹೊತ್ತು ತಾಳುತ್ತದೆ. ಹೊಸದಾಗಿ ಕೂರಿಸುವವರು ಮೇಲಿನ ಜಾಗವನ್ನೇ ಆರಿಸಿ. ಬಂಪರ್ ಕಾಣುವಂತೆ ಕೆಳಮುಖವಾಗಿ ಬಾಗಿಸಿದರೆ ಮಸೂರದ ಮೇಲೆ ನೀರೂ ನಿಲ್ಲುವುದಿಲ್ಲ.

ಮೇಲಿನ ಜಾಗಕ್ಕೆ ಒಂದು ಶತ್ರು ಉಂಟು. ಚಾವಣಿಯ ಮೇಲೆ ನಿಂತ ನೀರು ಬಂಡಿ ಏರು ಹತ್ತುವಾಗ ಹಿಂದಕ್ಕೆ ಹರಿದು ನೇರವಾಗಿ ಕ್ಯಾಮೆರಾದ ಮೇಲೆ ಧುಮುಕುತ್ತದೆ. ಸೋಲಾರ್ ಫಲಕದ ಅಡಿಯಲ್ಲಿ ಕೂತ ಧೂಳು, ಎಲೆಗಳ ಕರಿ ನೀರು ಎಲ್ಲವೂ ಜೊತೆಗೆ. ಇದಕ್ಕೆ ಮದ್ದು ಸುಲಭ: ಕ್ಯಾಮೆರಾದ ಮೇಲ್ಭಾಗದಲ್ಲಿ ಅದರ ಎರಡೂ ಬದಿಗೆ 15 ಸೆಂ.ಮೀ. ಚಾಚುವಂತೆ, ಬಾಗಿಲ ಅಂಚಿಗೆ ಹಾಕುವ ರಬ್ಬರ್ ಬೀಡಿಂಗ್ ಅಂಟಿಸಿ. ಮಧ್ಯ ಎತ್ತರ, ತುದಿಗಳು ತಗ್ಗು ಇರಲಿ. ನೀರು ಆಚೀಚೆ ಹರಿದುಹೋಗುತ್ತದೆ.

ಚಕ್ರದ ಹಿಂದಿನ ಮಡ್‌ಫ್ಲ್ಯಾಪ್ ಹರಿದಿದ್ದರೆ ಮೊದಲು ಅದನ್ನು ಬದಲಿಸಿ. ನೆಲದಿಂದ ಸುಮಾರು ಒಂದು ಗೇಣು ಎತ್ತರದವರೆಗೆ ಇಳಿದಿರಲಿ.

ಏನು ಕೆಟ್ಟಿದೆ ಎಂದು ಪರದೆಯೇ ಹೇಳುತ್ತದೆ

ಬಟ್ಟೆ ಹಿಡಿದು ಇಳಿಯುವ ಮೊದಲು ಚಿತ್ರವನ್ನು ಗಮನಿಸಿ. ಒಂದೇ ಜಾಗದಲ್ಲಿ ಮಸುಕು ಚುಕ್ಕೆ ಇದ್ದರೆ ಹನಿ ಅಥವಾ ಕೆಸರು. ಚಿತ್ರವಿಡೀ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಎಣ್ಣೆಯ ಪದರ, ಉಪ್ಪು, ಇಲ್ಲವೇ ಮಸೂರದ ಒಳಗಿನ ಹಬೆ. ಗೆರೆಗಳು ಓಡುತ್ತಿದ್ದರೆ, ಚಿತ್ರ ಬಂದುಹೋಗುತ್ತಿದ್ದರೆ ತೊಳೆದು ಪ್ರಯೋಜನವಿಲ್ಲ. ಅದು ವೈರಿನ ಜೋಡಣೆಯಲ್ಲಿ ನೀರು ಸೇರಿದ ಲಕ್ಷಣ. ರಾತ್ರಿ ಮಾತ್ರ ಬೆಳ್ಳಗಾಗಿ ಹಗಲಿಗೆ ಸರಿಯಿದ್ದರೆ, ಮಸೂರದ ಸುತ್ತಲಿನ ಇನ್‌ಫ್ರಾರೆಡ್ ದೀಪಗಳ ಬೆಳಕು ಮೇಲಿನ ಹನಿಗಳಿಗೆ ತಾಗಿ ವಾಪಸು ಬರುತ್ತಿದೆ ಎಂದರ್ಥ. ರಿವರ್ಸ್ ಲೈಟ್ ಪ್ರಖರವಾಗಿದ್ದರೆ ಆ ದೀಪಗಳ ಮೇಲೆ ಮಾತ್ರ ಕಪ್ಪು ಟೇಪ್ ಹಚ್ಚಿ ನೋಡಿ. ಎಷ್ಟೋ ಸಲ ಇಷ್ಟರಿಂದಲೇ ಚಿತ್ರ ತಿಳಿಯಾಗುತ್ತದೆ.

ಕೊಳೆಯೂ ದಾರಿಗೊಂದು ಬಗೆ. ಮೊದಲ ಮಳೆಯ ದಿನಗಳಲ್ಲಿ ಮುಂಬೈ–ಪುಣೆ ನಡುವೆ ರಸ್ತೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಎಣ್ಣೆ, ಟಯರಿನ ಪುಡಿ, ಡೀಸೆಲ್ ಮಸಿ ಎಲ್ಲ ಎದ್ದುಬರುತ್ತದೆ. ಇದನ್ನು ಬರಿ ನೀರಿನಿಂದ ಒರೆಸಿದರೆ ಸವರಿಕೊಂಡು ಇನ್ನಷ್ಟು ಹರಡುತ್ತದೆ. ರತ್ನಾಗಿರಿ ದಾಟಿ ಗೋವಾದ ಕಡೆ ಹೋದಂತೆ ಮುರಕಲ್ಲಿನ ಕೆಂಪು ಮಣ್ಣು. ನುಣುಪಾಗಿ ಕಂಡರೂ ಅದರಲ್ಲಿ ಗೀರು ಹಾಕುವ ಹರಳುಗಳಿರುತ್ತವೆ. ಕಡಲ ಬದಿಯಲ್ಲಿ ಎರಡು ರಾತ್ರಿ ನಿಲ್ಲಿಸಿದರೆ ಉಪ್ಪಿನ ಬಿಳಿ ಪೊರೆ.

ತೊಳೆಯುವ ಕ್ರಮ

ಬೇಕಾದ ಸಾಮಾನು ಕಡಿಮೆ: ಒಂದು ಲೀಟರ್‌ನ ಪಂಪ್ ಸ್ಪ್ರೇ ಬಾಟಲಿ (ಗಿಡಗಳಿಗೆ ಔಷಧಿ ಹೊಡೆಯುವಂಥದ್ದು), ಎರಡು ಮೈಕ್ರೋಫೈಬರ್ ಬಟ್ಟೆ, ಕಾರ್ ಶಾಂಪೂ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಮತ್ತು ಕಿಟಕಿ ಒರೆಸುವ ಉದ್ದ ಕೋಲು.

ಮೊದಲು ನೀರು, ಆಮೇಲೆ ಬಟ್ಟೆ. ಈ ಕ್ರಮ ತಪ್ಪಿದರೆ ಕ್ಯಾಮೆರಾ ಹಾಳು. ಒಣಗಿದ ಕೆಸರನ್ನು ಅಂಗಿಯ ತೋಳಿನಿಂದಲೋ ಕರ್ಚೀಫಿನಿಂದಲೋ ಉಜ್ಜಿದಾಗ ಬೀಳುವ ಗೀರುಗಳು ಹಗಲಲ್ಲಿ ಕಾಣುವುದಿಲ್ಲ. ರಾತ್ರಿ ಹಿಂದಿನ ಲಾರಿಯ ಹೆಡ್‌ಲೈಟ್ ಬಿದ್ದಾಗ ಪರದೆ ತುಂಬ ಬಲೆಯಂತೆ ಹರಡಿಕೊಳ್ಳುತ್ತವೆ. ಅವನ್ನು ತೆಗೆಯಲು ಟೂತ್‌ಪೇಸ್ಟ್ ಹಾಕಿ ತಿಕ್ಕುವವರಿದ್ದಾರೆ. ಹಾಗೆ ಮಾಡಿದರೆ ಮಸೂರದ ಹೊಳಪೇ ಹೋಗುತ್ತದೆ.

ನೀರು ಸಿಂಪಡಿಸಿ ಒಂದು ನಿಮಿಷ ಬಿಡಿ, ಮಣ್ಣು ನೆನೆಯಲಿ. ಮತ್ತೆ ಸಿಂಪಡಿಸಿದರೆ ಹರಳುಗಳು ಇಳಿದುಹೋಗುತ್ತವೆ. ಈಗ ಅರ್ಧ ಲೀಟರ್ ನೀರಿಗೆ ಅರ್ಧ ಚಮಚ ಶಾಂಪೂ ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಒತ್ತದೆ ಒರೆಸಿ. ಎಣ್ಣೆಯ ಪದರ ಬಿಡುವುದು ಶಾಂಪೂವಿಗೇ. ಕೊನೆಗೆ ಡಿಸ್ಟಿಲ್ಡ್ ವಾಟರ್ ಹಾಯಿಸಿ, ಎರಡನೆಯ ಒಣ ಬಟ್ಟೆಯನ್ನು ತಾಗಿಸಿ ನೀರು ಹೀರಿಸಿ. ಬೋರ್‌ವೆಲ್ ನೀರಲ್ಲೇ ಮುಗಿಸಿದರೆ ಒಣಗಿದ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ. ಹಾಗೆ ಉಳಿದದ್ದಕ್ಕೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒಂದು ನಿಮಿಷ ಹಚ್ಚಿಟ್ಟು ತೊಳೆಯಿರಿ.

ಪೆಟ್ರೋಲ್, ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ. ಮನೆಯ ಗಾಜು ಒರೆಸುವ ದ್ರವದಲ್ಲಿ ಅಮೋನಿಯಾ ಇದ್ದರೆ ಅದೂ ಬೇಡ. ಹಲವು ಕ್ಯಾಮೆರಾಗಳ ಹೊರಮುಚ್ಚಳ ಗಾಜಿನದಲ್ಲ, ಪ್ಲಾಸ್ಟಿಕ್ಕಿನದು. ಈ ದ್ರವಗಳು ತಾಗಿದರೆ ಅದು ಮಂಕಾಗಿ ಕೂದಲೆಳೆಯ ಬಿರುಕು ಬಿಡುತ್ತದೆ.

ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಬಗ್ಗೆ ಒಂದು ಎಚ್ಚರಿಕೆ. ಧೂಳು, ನೀರು ತಡೆಯುವ ಶಕ್ತಿಯ ಗುರುತಾಗಿ ಡಬ್ಬದ ಮೇಲೆ ಐಪಿ 67 ಎಂದಿದ್ದರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ ಎಂದರ್ಥ. ನಿಂತ ನೀರಿಗೂ ರಭಸದ ಧಾರೆಗೂ ಪರೀಕ್ಷೆ ಬೇರೆ ಬೇರೆ. ಹತ್ತಿರದಿಂದ ಹೊಡೆಯುವ ಬಿಸಿನೀರಿನ ಧಾರೆಯನ್ನು ತಾಳಬಲ್ಲದು ಎನ್ನಲು ಐಪಿ 69ಕೆ ಇರಬೇಕು. ಇಲ್ಲದಿದ್ದರೆ ತೊಳೆಯುವ ಹುಡುಗನಿಗೆ ಮೊದಲೇ ಹೇಳಿ, ಕ್ಯಾಮೆರಾದ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ.

ಲೇಪನ: ಮುಂದಿನ ಗಾಜಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ನೀರು ನಿಲ್ಲದಂತೆ ಮಾಡುವ ಲೇಪನಗಳನ್ನು ಮುಂದಿನ ಗಾಜಿಗೆ ಹಚ್ಚಿ ಸುಖಪಟ್ಟವರು ಅದನ್ನೇ ಕ್ಯಾಮೆರಾಗೂ ಹಚ್ಚಿ ನಿರಾಶರಾಗುತ್ತಾರೆ. ಆ ಲೇಪನ ನೀರನ್ನು ಗುಂಡು ಹನಿಯಾಗಿಸುತ್ತದೆ. ಮುಂದಿನ ಗಾಜಿನಲ್ಲಿ ಎದುರುಗಾಳಿ ಆ ಹನಿಗಳನ್ನು ಒರಸಿ ಒಯ್ಯುತ್ತದೆ. ಹಿಂದೆ ಆ ಗಾಳಿ ಇಲ್ಲ, ಹನಿ ಗುಂಡಗೆ ಅಲ್ಲೇ ಕೂರುತ್ತದೆ. ಮಸೂರವೇ ಬೆರಳಿನ ಉಗುರಿಗಿಂತ ಚಿಕ್ಕದಾದ್ದರಿಂದ ಒಂದು ಹನಿಗೆ ಪರದೆಯ ಕಾಲುಭಾಗ ನುಂಗುವ ಶಕ್ತಿ ಬರುತ್ತದೆ.

ಆದ್ದರಿಂದ ಕ್ಯಾಮೆರಾ ಕೆಳಮುಖವಾಗಿದ್ದು ದೊಡ್ಡ ಹನಿಗಳು ಜಾರುವಂತಿದ್ದರೆ ನೀರು ಗುಂಡಾಗಿಸುವ ಲೇಪನ ಸರಿ. ಕೆಸರೂ ಸುಲಭವಾಗಿ ಬಿಡುತ್ತದೆ. ನೇರವಾಗಿ ಹಿಂದಕ್ಕೆ ನೋಡುವ ಕ್ಯಾಮೆರಾಗೆ ಇದರ ವಿರುದ್ಧ ಗುಣದ, ನೀರನ್ನು ತೆಳ್ಳಗೆ ಹರಡಿಸುವ ಲೇಪನ ಒಳ್ಳೆಯದು. ಪಕ್ಕದ ಕನ್ನಡಿಗೆ ಮಾರುವ ಆ್ಯಂಟಿ-ಫಾಗ್ ದ್ರವಗಳಲ್ಲಿ ಈ ಬಗೆಯವು ಸಿಗುತ್ತವೆ. ಹಳೆಯ ಲಾರಿ ಡ್ರೈವರುಗಳು ಗಾಜಿಗೆ ತಂಬಾಕು ಉಜ್ಜುವುದರ ಗುಟ್ಟೂ ಇದೇ. ಆದರೆ ಅದರ ಅಂಟು ಕ್ಯಾಮೆರಾಗೆ ಒಗ್ಗದು. ಯಾವುದೇ ಆಗಲಿ, ಪ್ಲಾಸ್ಟಿಕ್ಕಿಗೂ ಆಗುತ್ತದೆಂದು ಬಾಟಲಿಯ ಮೇಲೆ ಇರಬೇಕು. ಪೂರ್ತಿ ಒಣಗಿದ ಮಸೂರಕ್ಕೆ ಒಂದೇ ತೊಟ್ಟು ಸಾಕು. ಜುಲೈ ಮಳೆಗೆ ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ.

ಮೇಲೊಂದು ಚಿಕ್ಕ ಸೂರು

ಮಸೂರದಿಂದ 15–20 ಮಿ.ಮೀ. ಮುಂದಕ್ಕೆ ಚಾಚುವ ಕಪ್ಪು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತಗಡು ಇದ್ದರೆ ಮೇಲಿನ ನೀರು ತಪ್ಪುತ್ತದೆ. ಅಗಲ ನೋಟದ ಕ್ಯಾಮೆರಾಗಳಲ್ಲಿ ಸೂರಿನ ಅಂಚೇ ಚಿತ್ರದೊಳಗೆ ಬರುವ ಸಂಭವ ಹೆಚ್ಚು. ಮೊದಲು ರಟ್ಟಿನ ತುಂಡು ಹಿಡಿದು, ಒಬ್ಬರು ಪರದೆ ನೋಡುತ್ತಾ ಅಳತೆ ಗೊತ್ತುಮಾಡಿ. ಡಬಲ್ ಟೇಪಿನಲ್ಲಿ ಅಂಟಿಸುವುದಾದರೆ ಮಳೆಗೆ ಮೊದಲೇ ಮುಗಿಸಿ. ಫೋಮ್ ಟೇಪಿನ ಹಿಡಿತ ಪೂರ್ತಿ ಗಟ್ಟಿಯಾಗಲು ಮೂರು ದಿನ ಬೇಕು.

ನೀರು ಚಿಮ್ಮಿಸುವ ವ್ಯವಸ್ಥೆ

ಕೊಂಕಣದಲ್ಲಿ ಮಳೆಗಾಲವಿಡೀ ಓಡಾಡುವವರಿಗೆ ಇದೇ ನಿಜವಾದ ಪರಿಹಾರ. ಮುಂದಿನ ವೈಪರಿನ ಟ್ಯಾಂಕಿನಿಂದ ಆರೇಳು ಮೀಟರ್ ನಾಳ ಎಳೆಯುವುದಕ್ಕಿಂತ ಹಿಂದೆಯೇ ಒಂದೆರಡು ಲೀಟರಿನ ಪ್ರತ್ಯೇಕ ಬಾಟಲಿ ಇಡಿ. ಕಾರಿನ 12 ವೋಲ್ಟ್ ವಾಷರ್ ಪಂಪ್, 4 ಮಿ.ಮೀ. ಒಳವ್ಯಾಸದ ನಾಳ, ಸಣ್ಣ ನಾಝಲ್, ನೀರನ್ನು ಮುಂದಕ್ಕೆ ಮಾತ್ರ ಬಿಡುವ ಒಂದು ನಾನ್-ರಿಟರ್ನ್ ವಾಲ್ವ್, ಒತ್ತಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವ ಪುಶ್ ಬಟನ್ ಬೇಕು. ಪುಣೆಯ ನಾನಾ ಪೇಠೆಯಲ್ಲಿ, ಮುಂಬೈನ ಕುರ್ಲಾ ಸಿಎಸ್‌ಟಿ ರಸ್ತೆಯಲ್ಲಿ ಹುಡುಕಿದರೆ ಸಿಗುವ ಸಾಮಾನುಗಳೇ.

ಈ ಪಂಪುಗಳು ತಾವಾಗಿ ನೀರನ್ನು ಮೇಲಕ್ಕೆ ಹೀರಿಕೊಳ್ಳಲಾರವು, ತಳ್ಳಬಲ್ಲವು ಅಷ್ಟೆ. ಬಾಟಲಿಯ ತಳದಲ್ಲೇ ಪಂಪ್ ಇರಬೇಕು. ಮೇಲಿಟ್ಟರೆ ಒಣಗಿ ತಿರುಗಿ ಸುಡುತ್ತದೆ. ವಾಲ್ವನ್ನು ನಾಝಲ್ ಹತ್ತಿರ, ಬಾಣದ ಗುರುತು ನಾಝಲ್ ಕಡೆಗಿರುವಂತೆ ಸೇರಿಸಿ. ಎರಡೂವರೆ ಮೀಟರ್ ನಾಳದಲ್ಲಿ ಸುಮಾರು 30 ಮಿ.ಲೀ. ನೀರು ಹಿಡಿಯುತ್ತದೆ. ವಾಲ್ವ್ ಇಲ್ಲದಿದ್ದರೆ ಪ್ರತಿ ಸಲವೂ ಅಷ್ಟು ನೀರು ಕೆಳಗಿಳಿದು, ಬಟನ್ ಒತ್ತಿದಾಗ ಮೊದಲು ಬರುವುದು ಗಾಳಿ. ನಾಝಲ್ ಮಸೂರದಿಂದ 3–5 ಸೆಂ.ಮೀ. ದೂರದಲ್ಲಿ, ಮೇಲಿನ ಒಂದು ಮೂಲೆಯಿಂದ ಓರೆಯಾಗಿ ಹೊಡೆಯಲಿ. ನೇರ ಹೊಡೆತಕ್ಕಿಂತ ಓರೆ ಧಾರೆಗೆ ಕೆಸರು ಬೇಗ ಏಳುತ್ತದೆ.

ವಿದ್ಯುತ್ತನ್ನು ಹಿಂದಿನ ಮನೆಬ್ಯಾಟರಿಯಿಂದ (ಒಳಗಿನ ದೀಪ, ಫ್ಯಾನುಗಳನ್ನು ನಡೆಸುವ ಬ್ಯಾಟರಿ) ತೆಗೆದುಕೊಳ್ಳಿ. ಪಂಪ್ ಸಾಮಾನ್ಯವಾಗಿ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ 7.5 ಆಂಪಿಯರ್ ಫ್ಯೂಸ್, 1.5 ಚದರ ಮಿ.ಮೀ. ವೈರ್ ಸಾಕು. ರಿವರ್ಸ್ ಲೈಟಿನ ವೈರಿಗೆ ನೇರ ಜೋಡಿಸುವ ಆಸೆ ಬೇಡ. ಹಿಂದಕ್ಕೆ ಹೋಗುವಷ್ಟು ಹೊತ್ತೂ ನೀರು ಚಿಮ್ಮಿ ಬಾಟಲಿ ಖಾಲಿಯಾಗುತ್ತದೆ, ಆಗ ಕಾಣಬೇಕಾದ್ದೂ ಕಾಣುವುದಿಲ್ಲ. ನಾಳಕ್ಕೆ ರಂಧ್ರ ಕೊರೆಯುವಾಗ ಡ್ರಿಲ್ ಹೊರಗಿನಿಂದ ಒಳಕ್ಕೆ ಮೇಲ್ಮುಖವಾಗಿರಲಿ, ರಂಧ್ರದ ಅಂಚಿಗೆ ರಬ್ಬರ್ ಗ್ರಾಮೆಟ್ (ಬಳೆ) ಹಾಕಿ ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿ. ಫೈಬರ್ ಗೋಡೆಯೊಳಗೆ ಮರದ ಚೌಕಟ್ಟಿದ್ದರೆ ಒಂದು ಹನಿ ದಾರಿ ಸಿಕ್ಕರೂ ಕೊಳೆಯಲು ಶುರುವಾಗುತ್ತದೆ. ಬಾಟಲಿಗೆ ಆರ್‌ಒ ಅಥವಾ ಡಿಸ್ಟಿಲ್ಡ್ ವಾಟರ್ ಹಾಕಿ. ಒಂದೆರಡು ಸೆಕೆಂಡು ಒತ್ತಿ ಬಿಟ್ಟು, ಮತ್ತೊಮ್ಮೆ ಒತ್ತಿದರೆ ಕೆಲಸ ಮುಗಿಯಿತು.

ಒಳಗೇ ಹಬೆ ಕಟ್ಟಿದರೆ

ಹೊರಗೆ ಎಷ್ಟು ಒರೆಸಿದರೂ ಹೋಗದ ಹಬೆ ಬೆಳಿಗ್ಗೆ ಕಂಡು ಮಧ್ಯಾಹ್ನದ ಬಿಸಿಲಿಗೆ ಮಾಯವಾದರೆ ಕ್ಯಾಮೆರಾದ ಸೀಲ್ ಹೋಗಿದೆ. ಸ್ಕ್ರೂ ಇರುವ ಮಾದರಿಯಾದರೆ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಎರಡು ದಿನ ಇಟ್ಟು, ಹೊಸ ರಬ್ಬರ್ ರಿಂಗ್ ಹಾಕಿ ಮುಚ್ಚಿ. ಅಂಟಿಸಿ ಮುಚ್ಚಿದ ಮಾದರಿಯಾದರೆ ಬಿಚ್ಚುವ ಸಾಹಸ ಬೇಡ, ಬದಲಿಸಿ. ಬದಲಿಸುವಾಗ ಹಳೆಯ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿವೆಯೇ ನೋಡಿ. ಇದ್ದರೆ ಅದನ್ನೂ ಕತ್ತರಿಸಿ ಹೊಸದು ಹಾಕಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ವೈರು ಗೋಡೆಯೊಳಗೆ ಹೋಗುವ ಮೊದಲು ಒಂದು ಬಾಗು ಕೆಳಕ್ಕಿಳಿದು ಮೇಲೇರಲಿ, ವೈರಿನಗುಂಟ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಘಾಟಿಯ ತಿರುವಿನಲ್ಲಿ ಸುರಿಯುವ ಮಳೆಗೆ ಕ್ಯಾಮೆರಾ ಪೂರ್ತಿ ಮುಚ್ಚಿಹೋದಾಗ ತೊಳೆಯಲು ರಸ್ತೆ ಬದಿಯಲ್ಲಿ ಇಳಿಯಬೇಡಿ. ಮುಂದೆ ಪೆಟ್ರೋಲ್ ಬಂಕ್ ಸಿಗುವವರೆಗೆ ಕನ್ನಡಿಗಳನ್ನು ನಂಬಿ. ಅಲ್ಲಿ ಹಿಂದಕ್ಕೆ ತೆಗೆಯಲೇಬೇಕಾದರೆ ಜೊತೆಗಿದ್ದವರು ಇಳಿದು, ಡ್ರೈವರ್ ಬದಿಯ ಕನ್ನಡಿಯಲ್ಲಿ ಕಾಣುವಂತೆ ನಿಂತು, ಬಂಡಿಯ ಮೈ ತಟ್ಟಿ “ಬರ್ಲಿ, ಬರ್ಲಿ... ಹೋಲ್ಡಾನ್” ಎನ್ನಲಿ.