ಹಳೇ ಫ್ಲಿಪ್ ರೇಡಿಯೊ ಗಡಿಯಾರ: ಕೊಳ್ಳುವ ಮುಂಚೆ ಬೆನ್ನು ತಿರುಗಿಸಿ ನೋಡಿ

ನಿಮಿಷಕ್ಕೊಮ್ಮೆ ಟಪ್ ಅಂತ ಪ್ಲಾಸ್ಟಿಕ್ ಎಲೆ ಬಿದ್ದು ಅಂಕಿ ಬದಲಾಗುವ ರೇಡಿಯೊ ಗಡಿಯಾರ 1970ರ ದಶಕದ ಷೋಕಿ. ಹಲವು ಬ್ರ್ಯಾಂಡುಗಳ ಒಳಗಿದ್ದದ್ದು ಜಪಾನಿನ ಕೋಪಾಲ್ ಕಂಪನಿಯ ಯಂತ್ರವೇ. ದಾವಣಗೆರೆಯ ಗುಜರಿ ಅಂಗಡಿಗಳಲ್ಲಿ ಅದೃಷ್ಟ ಇದ್ದರೆ ಒಂದು ಕಣ್ಣಿಗೆ ಬೀಳಬಹುದು. ಇಲ್ಲದಿದ್ದರೆ ಆನ್‌ಲೈನೇ ಗತಿ.

ಸಿಕ್ಕಿತು ಅಂತಿಟ್ಟುಕೊಳ್ಳಿ. ಅಂಗಡಿಯವರು 'ಪ್ಲಗ್ ಹಾಕಿ ತೋರಿಸ್ತೀನಿ ತಡೀರಿ' ಅಂದರೆ ಮೊದಲು ಬೇಡ ಅನ್ನಿ. ಹಿಂದೆ ಅಂಟಿಸಿರುವ ಚೀಟಿಯಲ್ಲಿ ವೋಲ್ಟ್ ಎಷ್ಟು, ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ) ಎಷ್ಟು ನೋಡಿ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತೆ. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಸರಿ. ಆದರೆ ಅದು ವೋಲ್ಟ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಮುಟ್ಟುವುದಿಲ್ಲ, ಜನ ಎಡವುವುದು ಇಲ್ಲೇ. ಈ ಗಡಿಯಾರದ ಮೋಟಾರ್ ಕರೆಂಟಿನ ಹರ್ಟ್ಸ್ ಲೆಕ್ಕದಲ್ಲೇ ತಿರುಗುವುದು. 60 ಹರ್ಟ್ಸ್‌ನ ಅಮೆರಿಕದ ಗಡಿಯಾರ ನಮ್ಮ 50 ಹರ್ಟ್ಸ್‌ನಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ, ದಿನಕ್ಕೆ ನಾಲ್ಕು ಗಂಟೆ! ರಿಪೇರಿ ಮಾಡಿದರೂ ಅದು ಸರಿಹೋಗುವುದಿಲ್ಲ, ಮೋಟಾರನ್ನೋ ಗೇರನ್ನೋ ಬದಲಿಸಬೇಕು. ಸುಮ್ನೆ ಯಾಕೆ ತಲೆನೋವು? 220 ವೋಲ್ಟ್, 50 ಹರ್ಟ್ಸ್ ಅಂತ ಬರೆದಿರುವ ಯುರೋಪಿನ ಮಾಡೆಲ್ ಹುಡುಕಿ. ಕೆಲವು ಜಪಾನಿ ಸೆಟ್ಟುಗಳಲ್ಲಿ 50/60 ಬದಲಿಸುವ ವ್ಯವಸ್ಥೆ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಜೊತೆ ಅದೂ ಆದೀತು.

ಮನೆಗೆ ತಂದ ಮೇಲೆ ಪ್ಲಗ್ ಕಿತ್ತಿಟ್ಟೇ ಬಿಚ್ಚಿ. ನಾಬ್‌ಗಳು ಸಾಮಾನ್ಯವಾಗಿ ನೇರ ಎಳೆದರೆ ಬರುತ್ತವೆ, ಸ್ಕ್ರೂ ತಳದಲ್ಲಿರುತ್ತದೆ. ಒಳಗೆ ಧೂಳು ಇದ್ದೇ ಇರುತ್ತದೆ, ಚಿತ್ರದುರ್ಗದ ಬೇಸಿಗೆ ಕಂಡ ಸೆಟ್ಟಾದರೆ ಕೇಳಲೇಬೇಡಿ. ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ.

ಎಲೆಗಳ ವಿಷಯದಲ್ಲಿ ಮಾತ್ರ ಆತುರ ಬೇಡ. ನಿಮಿಷದ ಚಕ್ರದಲ್ಲೇ ಸಾಮಾನ್ಯವಾಗಿ 60 ತೆಳು ಪ್ಲಾಸ್ಟಿಕ್ ಎಲೆ. ಮೇಲಿನ ಎಲೆಯನ್ನು ಒಂದು ಸಣ್ಣ ಕೊಕ್ಕೆ ತಡೆದು ಹಿಡಿದಿರುತ್ತದೆ, ಚಕ್ರ ಸ್ವಲ್ಪ ಸರಿದಾಗ ಅದು ಜಾರಿ ಬೀಳುತ್ತದೆ. ಸ್ಪಿರಿಟ್ ಹಚ್ಚಿ ಒರೆಸಿದರೆ ಅಂಕಿಯ ಬಣ್ಣವೇ ಎದ್ದು ಬರಬಹುದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸೋಪುನೀರಲ್ಲಿ ಅದ್ದಿ, ಹಿಂಡಿ, ಒಂದೊಂದೇ ಎಲೆ ಒರೆಸಿ. ಎಲೆಗೆ ಎಣ್ಣೆ ಬೇಡವೇ ಬೇಡ, ಅಂಟಿಕೊಳ್ಳುತ್ತವೆ. ಟೈಮ್ ಇಡುವಾಗ ಮುಂದಕ್ಕೆ ಮಾತ್ರ ತಿರುಗಿಸಿ. ಹಿಂದಕ್ಕೆ ತಿರುಚಿದರೆ ಎಲೆ ಮುರಿಯಬಹುದು, ಬಿಡಿ ಎಲೆ ತರುವುದಕ್ಕೆ ಇನ್ನೊಂದು ಗಡಿಯಾರವನ್ನೇ ಕೊಳ್ಳಬೇಕಾದೀತು.

ಮೋಟಾರ್ ಗುರ್ ಅನ್ನುತ್ತಿದ್ದರೆ ಅಥವಾ ನಿಂತೇ ಹೋಗಿದ್ದರೆ ಹೆಚ್ಚಾಗಿ ಒಳಗಿನ ಗ್ರೀಸ್ ಒಣಗಿರುತ್ತದೆ. ಹೇರ್ ಡ್ರೈಯರ್‌ನಲ್ಲಿ ಮೋಟಾರ್ ಡಬ್ಬಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ಎಲೆಗಳಿಗೆ ಬಿಸಿ ತಾಗದಂತೆ. ಅಚ್ಚು ಹೊರಬರುವ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಹಾಕೀರಿ ಮತ್ತೆ, ಅದು ಅಂಟಾಗುತ್ತದೆ.

ಅಂಕಿ ಬೆಳಗುವ ಕಿತ್ತಳೆ ಬಣ್ಣದ ದೀಪ ಹಳೇದಾದರೆ ಮಿಣಮಿಣ ಅನ್ನುತ್ತದೆ. ಅದು ಸಣ್ಣ ನಿಯಾನ್ ಬಲ್ಬ್, ನಮ್ಮ ಕರೆಂಟ್ ಟೆಸ್ಟರ್ ಒಳಗಿರುವ ಜಾತಿಯದೇ. ಹೊಸದು ಹಾಕುವಾಗ ಜೊತೆಗಿರುವ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಸಣ್ಣ ಬಿಡಿಭಾಗ) ಬಿಟ್ಟರೆ ಬಲ್ಬ್ ಢಮಾರ್.

ರೇಡಿಯೊ ಗುಂಯ್‌ಗುಡುತ್ತಿದ್ದರೆ ಒಣಗಿದ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ಬಿಡುವ ಬಿಡಿಭಾಗ) ಮೇಲೆ ಅನುಮಾನ ಪಡಿ. ಹಳೆಯದರ ಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟಿನದು, ಪ್ಲಸ್ ಮೈನಸ್ ನೋಡಿ ಹಾಕಬೇಕು. ಬೆಸುಗೆ ಅಭ್ಯಾಸ ಇಲ್ಲದವರು ಈ ಕೆಲಸವನ್ನು ಹಳೇ ರೇಡಿಯೊ ಮೆಕ್ಯಾನಿಕ್‌ಗೆ ಬಿಡಿ. ಜಪಾನಿನಲ್ಲೇ ಮಾರಿದ ಹಳೇ ಸೆಟ್ಟಿನ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ, ಅದರಲ್ಲಿ ಚಿತ್ರದುರ್ಗ ಆಕಾಶವಾಣಿಯ 102.6 ಹಿಡಿಯುವುದಿಲ್ಲ. ಅದು ಕೆಟ್ಟಿದೆ ಅಂತ ಮತ್ತೆ ಬಿಚ್ಚಬೇಡಿ.

ಕರೆಂಟ್ ಹೋದರೆ ಗಡಿಯಾರ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಹೊರಡುತ್ತದೆ. ಅದಕ್ಕೇ ಅಂತ ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಸೇರಿಸಿದರೆ ಮೋಟಾರ್ ಗೊರಗುಟ್ಟುತ್ತದೆ, ಟೈಮೂ ತಪ್ಪಬಹುದು. ಬೆಳಿಗ್ಗೆ ಎದ್ದು ಒಂದು ಸಲ ನಾಬ್ ತಿರುಗಿಸಿ ಸರಿ ಮಾಡಿಕೊಳ್ಳುವುದೇ ವಾಸಿ.