ಜವಾನರ ಬಾಯಿ ಬಿಡಿಸಿದ್ದು: ಇಎಂಇ (ಸೈನ್ಯದ ಗಾಡಿ, ಯಂತ್ರ ರಿಪೇರಿ ವಿಭಾಗ) ವರ್ಕ್‌ಶಾಪಿನ ನನ್ನ ಅನುಭವ

ಆರ್ಗನೈಸೇಶನಲ್ ಡೆವಲಪ್‌ಮೆಂಟ್ (ಓಡಿ, ಅಂದರೆ ಜನರನ್ನೇ ಕೇಳಿ ಸಂಸ್ಥೆಯ ಕೆಲಸದ ರೀತಿ ಸುಧಾರಿಸೋದು) ಎಲ್ಲ ಕಂಪನಿಯವರ ಆಟ, ಫೌಜಿನಲ್ಲಿ ನಡೆಯಲ್ಲ ಅಂತ ನಕ್ಕವರೇ ಜಾಸ್ತಿ. ನಡೆಯಿತು. ವಿಒಆರ್ ಪಟ್ಟಿಯಲ್ಲಿ, ಅಂದರೆ ಕೆಟ್ಟು ನಿಂತವುಗಳ ಪಟ್ಟಿಯಲ್ಲಿ, 40ರ ಹತ್ತಿರ ಇದ್ದ ಗಾಡಿಗಳು ವರ್ಷದೊಳಗೆ 15ರ ಆಸುಪಾಸಿಗೆ ಇಳಿದವು. ನಕ್ಕವರೇ ಆಮೇಲೆ ಫೋನ್ ಮಾಡಿ ಹೇಗೆ ಅಂತ ಕೇಳಿದರು.

ಮೊದಲು ಸರ್ವೇ ಮಾಡಿಸಿದೆ. ಹಿಂದಿ ಪ್ರಶ್ನಾವಳಿ, ಹೆಸರು ಬರೆಯೋದು ಬೇಡ. ಹಾಳೆ ಹಾಳೆಯಲ್ಲೂ ಒಂದೇ ಕಡೆ ಟಿಕ್: 'ಬಹುತ್ ಅಚ್ಛಾ'. ಹೆಸರಿಲ್ಲದಿದ್ದರೇನು, ಹವಾಲ್ದಾರನಿಗೆ ತನ್ನ ಹುಡುಗರ ಅಕ್ಷರ ಗೊತ್ತಿರಲ್ವಾ? ಝೆರಾಕ್ಸಿಗೆ ರೆಜಿಮೆಂಟಲ್ ಫಂಡಿನ ಸಾವಿರ ಚಿಲ್ಲರೆ ಹೋಯಿತು. ಹೊರಗಿನ ಟ್ರೈನರ್ ಒಬ್ಬರನ್ನು ವಿಚಾರಿಸಿದರೆ ಎರಡು ದಿನಕ್ಕೆ 60 ಸಾವಿರ ಅಂದರು. ಆ ದುಡ್ಡಿಗೆ ಇಡೀ ಯೂನಿಟ್ಟು ಒಟ್ಟಿಗೆ ಕೂತು ಉಣ್ಣೋ ಭರ್ಜರಿ ಬಡಾಖಾನಾ ಆಗುತ್ತೆ. ಕೈಬಿಟ್ಟೆ.

ಆಮೇಲೆ ಒಂದೇ ಪ್ರಶ್ನೆ ಇಟ್ಟೆ: ಗಾಡಿ ಎಲ್ಲಿ ಕಾಯ್ತಾ ನಿಲ್ಲುತ್ತೆ? ಸಾಹೇಬರ ಬಗ್ಗೆ ಏನೂ ಇಲ್ಲ, ಬರೀ ಗಾಡಿ ಬಗ್ಗೆ. ಚೀಟಿ ಯಾರ ಕೈಲಿ ಒಟ್ಟು ಮಾಡಿಸಿದೆ ಅನ್ನೋದು ಇಲ್ಲಿ ಹೇಳಲ್ಲ, ಗುಟ್ಟೆಲ್ಲ ಅಲ್ಲೇ ಇದೆ. ಗ್ರೀಸ್ ಹೆಬ್ಬೆಟ್ಟಿನ ಗುರುತಿದ್ದ ಒಂದು ಚೀಟಿಯಲ್ಲಿ "ಸ್ಪೇರ್ ಹೈ, ಸೈನ್ ನಹೀಂ" ಅಂತಿತ್ತು. ಹೋಗಿ ನೋಡಿದರೆ ಸ್ಟಾಲಿಯನ್ ಟ್ರಕ್ಕಿನ ಕ್ಲಚ್ ಪ್ಲೇಟ್ ಸ್ಟೋರಿನಲ್ಲೇ ಇದೆ, ಜಾಬ್ ಕಾರ್ಡ್ ಮಾತ್ರ ಮೂರು ಮೇಜು ಸುತ್ತುತ್ತಿದೆ. ಮೂರು ಸಹಿ ಒಂದಾಯಿತು. ಅರ್ಧ ಲಾಭ ಅದರಿಂದಲೇ ಬಂತು.

ಉಳಿದರ್ಧ ಎಎಆರ್‌ನಿಂದ (ಆಫ್ಟರ್ ಆ್ಯಕ್ಷನ್ ರಿವ್ಯೂ, ಕೆಲಸ ಮುಗಿದ ಮೇಲೆ ಏನಾಯಿತು, ಯಾಕಾಯಿತು ಅಂತ ಎಲ್ಲರೂ ಕೂತು ಮಾತಾಡೋದು). ಅಮೆರಿಕದ ಸೈನ್ಯ 1975ರಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಓರ್ಡ್‌ನಲ್ಲಿ ಓಡಿ ವಿದ್ಯೆಗೇ ಒಂದು ಶಾಲೆ ತೆರೆದಿತ್ತು. 1985ರಲ್ಲಿ ಇಡೀ ಕಾರ್ಯಕ್ರಮಕ್ಕೆ ಬೀಗ ಬಿತ್ತು. ಎಎಆರ್ ಮಾತ್ರ ಅಲ್ಲಿ ಇವತ್ತಿಗೂ ಇದೆ, ತರಬೇತಿಯ ಒಳಗೇ ಸೇರಿಹೋಗಿರೋದರಿಂದ. ಹಾಗಾಗಿ ನಾನು 'ಓಡಿ' ಅನ್ನೋ ಹೆಸರನ್ನೇ ಎತ್ತಲಿಲ್ಲ. ಸಾಹೇಬರು ಜವಾನರನ್ನೆಲ್ಲ ಕೂರಿಸಿ ಮಾತಾಡೋ ಸೈನಿಕ್ ಸಮ್ಮೇಳನದಲ್ಲಿ ಎಲ್ಲರೂ ಸಾವಧಾನ್‌ನಲ್ಲಿದ್ದಂತೆ ಕೂತಿರ್ತಾರೆ, ನಿಮಗೂ ಗೊತ್ತು. ಅದಕ್ಕೆ ಶನಿವಾರ ಚಹಾ ಹೊತ್ತಿಗೆ, ಶೆಡ್ಡಿನಲ್ಲೇ, ಸುಬೇದಾರ್ ಸಾಹೇಬರು ಎಎಆರ್ ನಡೆಸಿದರು. ಮೊದಲ ಮಾತು ಎಲ್ಲರಿಗಿಂತ ಕಿರಿಯ ಕ್ರಾಫ್ಟ್ಸ್‌ಮನ್‌ದು, ಕೊನೆಯದು ನನ್ನದು.

ಒಮ್ಮೆ ರ‍್ಯಾಂಕ್ ಪಟ್ಟಿ ತೆಗೆಸಿ ಕೂರಿಸಿಯೂ ನೋಡಿದೆ. ಸುಬೇದಾರ್ ಸಾಹೇಬರ ಮುಖ ಊದಿಕೊಂಡಿತು, ಹುಡುಗರು ಇನ್ನಷ್ಟು ಗಪ್‌ಚುಪ್. ಅದನ್ನು ನೀವು ಮಾಡಲೇಬೇಡಿ.

ಒಟ್ಟು ಖರ್ಚು 5 ಸಾವಿರ ದಾಟಿಲ್ಲ. ಅದರಲ್ಲೂ ಜಾಸ್ತಿ ಹೋಗಿದ್ದು ಬಿಳಿ ಬೋರ್ಡಿಗೆ, ಪಕೋಡಕ್ಕೆ. ಹುರುಪಿನಲ್ಲಿ ಇದೇ ಚೀಟಿಯನ್ನು ಲಂಗರಿಗೂ, ಅಂದರೆ ಜವಾನರ ಅಡುಗೆಮನೆಗೂ, ಹಾಕಿಸಿದೆ. ನಮ್ಮ ಕಡೆಯ ಹುಡುಗರು ಅನ್ನ ಬರೆದರು, ಪಂಜಾಬಿನವರು ರೊಟ್ಟಿ ಬರೆದರು. ಅದಕ್ಕೆ ಯಾವ ಎಎಆರ್ ಕೂಡ ಸಾಕಾಗಲಿಲ್ಲ.